ಬಲದಿಂದ ಓದಬೇಕಾದ ವಿಳಾಸ

ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರ ಇದೆಯೇ ನೋಡಿಕೊಳ್ಳಿ, ಇದ್ದರೆ ಭಯವಿಲ್ಲ. ಇಂಟರ್ನೆಟ್ ಬ್ಯಾಂಕಿಂಗ್ ಬಂದ ದಿನಗಳಿಂದ ನಮಗೆಲ್ಲ ಬಾಯಿಪಾಠವಾಗಿರುವ ಬುದ್ಧಿಮಾತು ಇದು. ಇದನ್ನು ಚಾಚೂ ತಪ್ಪದೆ ಪಾಲಿಸಿದವರೂ ಕ್ರಿಪ್ಟೊ ವಾಲೆಟ್ ಬರಿದು ಮಾಡಿಕೊಂಡು ಕೂತಿದ್ದಾರೆ. ಅವರು ತೆರೆದ ಪುಟದಲ್ಲಿ ಬೀಗ ಇತ್ತು, ಕಂಪನಿಯ ಹೆಸರಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಬಣ್ಣ, ಲೋಗೊ ಎಲ್ಲ ಅಸಲಿಯವೇ ಆಗಿದ್ದವು. ಹಾಗಾದರೆ ಎಡವಿದ್ದೆಲ್ಲಿ?

ಅಮೆರಿಕದ ನ್ಯಾಯಾಲಯವೊಂದರಲ್ಲಿ 2024ರಲ್ಲಿ ತೀರ್ಮಾನವಾದ ಮೊಕದ್ದಮೆಯನ್ನು ನೋಡಿ. ಆರೋಪಿ ಭಾರತೀಯ. 2023ರ ಡಿಸೆಂಬರಿನಲ್ಲಿ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ, ಮುಂದಿನ ಮೇ ತಿಂಗಳಲ್ಲಿ ತಪ್ಪೊಪ್ಪಿಕೊಂಡ, ಅಕ್ಟೋಬರಿನಲ್ಲಿ 5 ವರ್ಷದ ಶಿಕ್ಷೆಯಾಯಿತು. ಆತ ಮತ್ತು ಜೊತೆಗಾರರು ನೂರಾರು ಜನರಿಂದ ದೋಚಿದ್ದು 3.7 ಕೋಟಿ ಡಾಲರಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಸುಮಾರು 300 ಕೋಟಿ ರೂಪಾಯಿ. ಇಷ್ಟಕ್ಕೆ ಬಳಸಿದ ಮುಖ್ಯ ಸಲಕರಣೆ ಒಂದು ನಕಲಿ ಜಾಲತಾಣ. ಕಾಯಿನ್‌ಬೇಸ್ ಎಂಬ ಕ್ರಿಪ್ಟೊ ವಿನಿಮಯ ಕಂಪನಿಯ ಅಸಲಿ ತಾಣ ‘ಪ್ರೊ.ಕಾಯಿನ್‌ಬೇಸ್.ಕಾಮ್’ ಆಗಿದ್ದರೆ, ನಕಲಿಯ ಹೆಸರು ‘ಕಾಯಿನ್‌ಬೇಸ್‌ಪ್ರೊ.ಕಾಮ್’. ಎರಡರಲ್ಲೂ ಇರುವುದು ಅವೇ ಮೂರು ತುಂಡುಗಳು, ಕಾಗುಣಿತ ಎರಡೂ ಕಡೆ ಸರಿ. ‘ಪ್ರೊ’ ಮುಂದಿನಿಂದ ಹಿಂದಕ್ಕೆ ಹೋಗಿದೆ, ನಡುವೆ ಒಂದು ಚುಕ್ಕಿ ಮಾಯವಾಗಿದೆ. ಆ ಒಂದು ಚುಕ್ಕಿಯ ಬೆಲೆ 300 ಕೋಟಿ.

ಊರು, ತಾಲೂಕು, ಜಿಲ್ಲೆ

ಜಾಲತಾಣದ ಹೆಸರನ್ನು ಓದುವ ಬಗೆ ನಮಗೆ ಗೊತ್ತಿಲ್ಲದ್ದೇನಲ್ಲ, ಅಂಚೆ ವಿಳಾಸದ ರೀತಿಯೇ ಅದು. ‘ಹಳೇಬೀಡು, ಬೇಲೂರು ತಾಲೂಕು, ಹಾಸನ ಜಿಲ್ಲೆ’ ಎಂದು ನಾವು ಚಿಕ್ಕದರಿಂದ ದೊಡ್ಡದಕ್ಕೆ ಬರೆಯುತ್ತೇವೆ. ಕಾಗದ ವಿಂಗಡಿಸುವವರು ಓದುವುದು ಕೊನೆಯಿಂದ: ಮೊದಲು ಜಿಲ್ಲೆ, ಆಮೇಲೆ ತಾಲೂಕು, ಊರು ಕೊನೆಗೆ. ಬರೀ ‘ಬೇಲೂರು’ ಎಂದರೆ ಚೆನ್ನಕೇಶವನ ಬೇಲೂರೂ ಆಗಬಹುದು, ರಾಮಕೃಷ್ಣ ಮಠದ ಕೇಂದ್ರವಿರುವ ಬಂಗಾಳದ ಬೇಲೂರೂ ಆಗಬಹುದು. ಯಾವುದೆಂದು ತೀರ್ಮಾನಿಸುವುದು ಬಲಗಡೆ ಬರೆದ ಹಾಸನವೋ ಹೌರಾವೋ ಎಂಬ ಪದ. ‘ಪ್ರೊ.ಕಾಯಿನ್‌ಬೇಸ್.ಕಾಮ್’ನಲ್ಲಿ ಕಾಮ್ ಜಿಲ್ಲೆ, ಕಾಯಿನ್‌ಬೇಸ್ ತಾಲೂಕು, ಪ್ರೊ ಆ ತಾಲೂಕಿನೊಳಗಿನ ಒಂದು ಊರು. ‘ಕಾಯಿನ್‌ಬೇಸ್‌ಪ್ರೊ.ಕಾಮ್’ನಲ್ಲಿ ಜಿಲ್ಲೆ ಅದೇ, ತಾಲೂಕು ಮಾತ್ರ ಬೇರೆಯೇ. ‘ಬೇಲೂರುಹಳೇಬೀಡು’ ಎಂದು ಯಾರೋ ಹೊಸದಾಗಿ ಕಟ್ಟಿದ ತಾಲೂಕು ಅದು. ಅದಕ್ಕೂ ನಮ್ಮ ಬೇಲೂರಿಗೂ ಸಂಬಂಧವೇ ಇಲ್ಲ.

ಹೋಲಿಕೆ ಮುರಿಯುವ ಜಾಗವೂ ಇದೆ, ವಂಚಕರ ಬಂಡವಾಳ ಇರುವುದೇ ಅಲ್ಲಿ. ಹೊಸ ತಾಲೂಕು ಆಗಬೇಕಾದರೆ ಸರ್ಕಾರಿ ಅಧಿಸೂಚನೆ ಬೇಕು, ಅದಕ್ಕೆ ಮುಂಚೆ ವರ್ಷಗಟ್ಟಲೆ ಹೋರಾಟ ಬೇಕು. ಜಾಲಲೋಕದಲ್ಲಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಕೊಟ್ಟರೆ ಯಾರು ಬೇಕಾದರೂ ಹೊಸ ‘ತಾಲೂಕು’ ನೋಂದಾಯಿಸಿಕೊಳ್ಳಬಹುದು, ಪಕ್ಕದ ತಾಲೂಕಿನ ಹೆಸರನ್ನು ಯಾಕೆ ಹೋಲುತ್ತಿದೆ ಎಂದು ಮಾರುವವರು ಕೇಳುವುದಿಲ್ಲ. ಇನ್ನು ಆ ತಾಲೂಕಿನೊಳಗಿನ ಊರುಗಳಿಗೆ ಏನು ಹೆಸರಿಡಬೇಕು ಎಂಬುದು ಪೂರ್ತಿ ಮಾಲೀಕನ ಮರ್ಜಿ. ಎಡಭಾಗದಲ್ಲಿ ಎಷ್ಟು ಪ್ರಸಿದ್ಧ ಕಂಪನಿಯ ಹೆಸರು ಬೇಕಾದರೂ ತುಂಬಿಸಿಡಬಹುದು. ಮೊಬೈಲಿನ ಕಿರಿದಾದ ಪರದೆಯಲ್ಲಿ ಉದ್ದನೆಯ ವಿಳಾಸ ಪೂರ್ತಿ ಕಾಣದಿದ್ದಾಗ ಕಣ್ಣಿಗೆ ಬೀಳುವುದು ಅದೇ ಭಾಗ.

ಬೀಗದ ಚಿತ್ರ ಹೇಳುವುದು ಎರಡೇ ಸಂಗತಿ: ನಿಮ್ಮ ಫೋನಿಗೂ ಆ ತಾಣಕ್ಕೂ ನಡುವಿನ ಮಾತನ್ನು ಮೂರನೆಯವರು ಕದ್ದು ಕೇಳಲಾರರು, ಮತ್ತು ನೀವು ತಲುಪಿರುವುದು ವಿಳಾಸದಲ್ಲಿ ಬರೆದ ತಾಣವನ್ನೇ. ಆ ತಾಣದವನು ಸಾಚಾನೇ ಎಂಬ ಬಗ್ಗೆ ಅದು ಚಕಾರ ಎತ್ತುವುದಿಲ್ಲ. ಕಳ್ಳನ ಜೊತೆ ಗುಟ್ಟಾಗಿ ಮಾತಾಡುತ್ತಿದ್ದೀರಿ ಎಂಬುದಕ್ಕೂ ಅದೇ ಬೀಗ. ಈ ತಪ್ಪು ತಿಳಿವಳಿಕೆ ಎಷ್ಟು ಆಳವಾಗಿತ್ತೆಂದರೆ 2023ರಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರಿನಿಂದ ಬೀಗದ ಚಿತ್ರವನ್ನೇ ಕಿತ್ತುಹಾಕಿತು.

ಕ್ಷಮಿಸುವ ಕಣ್ಣು

ಸರಿಯಾಗಿ ನೋಡಿ ಓದಿದರೆ ಆಯಿತಲ್ಲ, ಓದದವರದೇ ತಪ್ಪು ಎನ್ನುವವರಿದ್ದಾರೆ. ಕಣ್ಣು ಓದುವ ಬಗೆಯನ್ನು ಈ ವಾದ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದರಲ್ಲೂ ನಮ್ಮಂಥವರ ಕಣ್ಣಿಗೆ ಇಂಗ್ಲಿಷ್ ಅಕ್ಷರದ ಹೆಸರುಗಳಲ್ಲಿ ಚೂರುಪಾರು ಏರುಪೇರು ಮಾಮೂಲು. ಅರಸೀಕೆರೆಯನ್ನು ರೈಲ್ವೆ ಫಲಕ ನಡುವಿನ ‘ಎ’ ಅಕ್ಷರ ನುಂಗಿ ಬರೆಯುತ್ತದೆ, ಬೇರೆ ಕಡೆ ಆ ‘ಎ’ ಇರುತ್ತದೆ. ಹಳೇಬೀಡನ್ನು ಒಂದು ಕಡೆ ‘ಐ’ ಹಾಕಿ, ಇನ್ನೊಂದು ಕಡೆ ಎರಡು ‘ಇ’ ಹಾಕಿ, ಮತ್ತೊಂದು ಕಡೆ ಕೊನೆಯ ‘ಯು’ ಬಿಟ್ಟು ಬರೆದಿರುತ್ತಾರೆ. 2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಇಂಗ್ಲಿಷ್ ಕಾಗುಣಿತವನ್ನು ಬದಲಾಯಿಸಿದರೂ ಹಳೆಯ ಬರಹದ ಫಲಕಗಳು ಅಲ್ಲಲ್ಲಿ ಉಳಿದೇ ಇದ್ದವು. ಇವನ್ನು ನೋಡಿ ಯಾರೂ ತಪ್ಪು ಬಸ್ಸು ಹತ್ತಿಲ್ಲ. ಒಂದಕ್ಷರ ಆಚೀಚೆಯಾದರೆ ಕ್ಷಮಿಸಿ ಮುಂದೆ ಹೋಗುವುದು ನಮಗೆ ಬದುಕು ಕಲಿಸಿದ ಜಾಣತನ. ಅದೇ ಜಾಣತನ ವಾಲೆಟ್ ತಾಣದ ಮುಂದೆ ಮುಳುವಾಗುತ್ತದೆ.

2018ರ ಫೆಬ್ರುವರಿಯಲ್ಲಿ ಸಿಸ್ಕೊ ಕಂಪನಿಯ ಸಂಶೋಧಕರು ಉಕ್ರೇನಿನ ಸೈಬರ್ ಪೊಲೀಸರ ಜೊತೆ ಸೇರಿ ಬಯಲಿಗೆಳೆದ ತಂಡವೊಂದು ಈ ಕ್ಷಮಾಗುಣವನ್ನೇ ನಂಬಿ ಬದುಕಿತ್ತು. ‘ಬ್ಲಾಕ್‌ಚೈನ್’ ಎಂಬ ಹೆಸರಿನ ಕೊನೆಯಲ್ಲಿ ಒಂದೆರಡು ಅಕ್ಷರ ತಿರುವಿಹಾಕಿ ‘ಬ್ಲಾಕ್‌ಚಿಯನ್’ ಎಂಬಂಥ ತಾಣ ಮಾಡಿ, ಗೂಗಲ್ ಹುಡುಕಾಟದ ಜಾಹೀರಾತು ಕೊಂಡು ಅದನ್ನು ಫಲಿತಾಂಶದ ತಲೆಯ ಮೇಲೆ ಕೂರಿಸಿತ್ತು. ಮೂರು ವರ್ಷಗಳಲ್ಲಿ ಅದು ಗಳಿಸಿದ್ದು ಸುಮಾರು 5 ಕೋಟಿ ಡಾಲರ್ ಎಂದು ಅಂದಾಜು. ಎಷ್ಟೇ ಎಚ್ಚರದ ಕಣ್ಣೂ ಹಿಡಿಯಲಾಗದ ವೇಷಗಳೂ ಇವೆ. ರಷ್ಯನ್ ಲಿಪಿಯ ‘ಎ’ ಅಕ್ಷರ ಇಂಗ್ಲಿಷಿನ ‘ಎ’ಯಂತೆಯೇ ಕಾಣುತ್ತದೆ, ಕಂಪ್ಯೂಟರಿಗೆ ಅವೆರಡೂ ಬೇರೆ. ಕನ್ನಡ ಮತ್ತು ತೆಲುಗಿನ ಹಲವು ಅಕ್ಷರಗಳ ಕತೆಯೂ ಇದೇ. ನಮ್ಮ ಲಿಪಿಯಲ್ಲೇ ‘ಡಾಟ್ ಭಾರತ’ ತಾಣಗಳು ಸಾಧ್ಯವಾಗಿರುವ ಈ ಕಾಲದಲ್ಲಿ ಇದು ದೂರದ ಸಮಸ್ಯೆಯೇನಲ್ಲ. ಲಿಪಿಗಳನ್ನು ಬೆರೆಸಿದ ಹೆಸರು ಕಂಡರೆ ಈಗಿನ ಬ್ರೌಸರುಗಳು ಅದನ್ನು ‘ಎಕ್ಸ್‌ಎನ್’ ಎಂದು ಶುರುವಾಗುವ ಕಲಸುಮೇಲೋಗರವಾಗಿ ತೋರಿಸುತ್ತವೆ. ಕಣ್ಣಿಗೆ ಆಗದ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದರ ಒಂದು ಸಣ್ಣ ನಿದರ್ಶನ ಇದು. ಉಳಿದದ್ದನ್ನೂ ಹಾಗೆಯೇ ವಹಿಸಬೇಕು ಎಂಬುದೇ ಈ ಅಧ್ಯಾಯದ ವಾದ.

ಹನ್ನೆರಡು ಖಾಲಿ ಚೌಕಗಳು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಕ್ರಿಪ್ಟೊ ಅವನಿಗೆ ಹೊರದೇಶದ ಸುದ್ದಿಯೇನಲ್ಲ. ದೇಶದ ಮೊದಮೊದಲ ಕ್ರಿಪ್ಟೊ ವಿನಿಮಯ ಕಂಪನಿಗಳಲ್ಲಿ ಒಂದಾದ ಯುನೊಕಾಯಿನ್ 2013ರಲ್ಲಿ ಹುಟ್ಟಿದ್ದು ಅದೇ ರೈಲು ಹಾದಿಯ ತುಮಕೂರಿನ ನಂಟಿನಲ್ಲಿ. 2022ರಿಂದ ಇಂಥ ಲಾಭಕ್ಕೆ ಶೇ 30ರಷ್ಟು ತೆರಿಗೆ ಇದೆ, ವಹಿವಾಟಿಗೆ ಶೇ 1ರಷ್ಟು ಮುಂಗಡ ಕಡಿತವೂ ಇದೆ. 2024ರ ಜನವರಿಯಲ್ಲಿ ಹಲವು ವಿದೇಶಿ ವಿನಿಮಯ ಕಂಪನಿಗಳ ತಾಣಗಳಿಗೆ ಸರ್ಕಾರ ತಡೆ ಹಾಕಿತು. ಆಗ ಇವನಂಥವರು ಬದಲಿ ದಾರಿ ಹುಡುಕತೊಡಗುವುದು ಸಹಜ. ಹಾಗೆ ಹುಡುಕುವವರ ದಾರಿಯಲ್ಲೇ ಗಾಳ ಹಾಕಿದ ತಾಣಗಳು ಕಾದಿರುತ್ತವೆ.

ಗಾಳದ ತಾಣ ತೆರೆದಾಗ ಕಾಣುವುದು ವಾಲೆಟ್ಟಿನದೇ ಪುಟ. ‘ನಿಮ್ಮ ವಾಲೆಟ್ ಪರಿಶೀಲನೆ ಬಾಕಿ ಇದೆ’ ಎಂಬ ಒಂದು ಸಾಲು, ಕೆಳಗೆ ಸಾಲಾಗಿ ಹನ್ನೆರಡು ಖಾಲಿ ಚೌಕಗಳು, ಪ್ರತಿಯೊಂದರ ಮೂಲೆಯಲ್ಲಿ 1, 2, 3 ಎಂಬ ಅಂಕಿ. ವಾಲೆಟ್ ಮೊದಲು ತೆರೆದಾಗ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ ಎಂದು ಕೊಟ್ಟಿದ್ದ ಹನ್ನೆರಡು ಇಂಗ್ಲಿಷ್ ಪದಗಳನ್ನು ಅಲ್ಲಿ ತುಂಬಬೇಕು. ಇವನ್ನು ಮೂಲಪದಗಳು ಎನ್ನೋಣ, ಬಳಸುವವರು ಸೀಡ್ ಫ್ರೇಸ್ ಎನ್ನುತ್ತಾರೆ. 2048 ಪದಗಳ ನಿಗದಿತ ಪಟ್ಟಿಯಿಂದ ಆಯ್ದ ಈ ಹನ್ನೆರಡು ಪದಗಳೇ ವಾಲೆಟ್, ಬೇರೆ ಪಾಸ್‌ವರ್ಡ್ ಎಲ್ಲ ಮೇಲಿನ ಹೊದಿಕೆ. ಪದಗಳು ಯಾರ ಕೈಯಲ್ಲಿವೆಯೋ ಹಣ ಅವರದು. ಪದ ಕೇಳದೆ ದೋಚುವ ಇನ್ನೊಂದು ವಿಧಾನವೂ ಇದೆ. ಉಚಿತ ನಾಣ್ಯ ಕೊಡುತ್ತೇವೆ, ‘ಕನೆಕ್ಟ್ ವಾಲೆಟ್’ ಒತ್ತಿ ಎನ್ನುತ್ತದೆ ತಾಣ. ಒತ್ತಿದವನು ಹಾಕುವ ಡಿಜಿಟಲ್ ಸಹಿ ನಾಣ್ಯ ಪಡೆಯುವುದಕ್ಕೆ ಇರುವುದಿಲ್ಲ, ತನ್ನಲ್ಲಿರುವ ನಾಣ್ಯವನ್ನು ಸಾಗಿಸಲು ಇನ್ನೊಬ್ಬನಿಗೆ ಕೊಟ್ಟ ಪರವಾನಗಿಯಾಗಿರುತ್ತದೆ. ಹೀಗೆ ಬಸಿದುಕೊಳ್ಳುವ ತಂತ್ರಾಂಶಕ್ಕೆ ಡ್ರೈನರ್ ಎಂದು ಹೆಸರು. ಸ್ಕ್ಯಾಮ್‌ ಸ್ನಿಫರ್ ಎಂಬ ನಿಗಾ ಸಂಸ್ಥೆಯ ಲೆಕ್ಕದಂತೆ 2024 ಒಂದೇ ವರ್ಷ ಜಗತ್ತಿನಾದ್ಯಂತ ಇವು ಬಸಿದದ್ದು ಸುಮಾರು 49 ಕೋಟಿ ಡಾಲರ್.

ಬ್ಯಾಂಕ್ ಖಾತೆಯಿಂದ ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು. ಕೂಡಲೇ ದೂರು ದಾಖಲಾದರೆ ಹಣ ತಲುಪಿದ ಖಾತೆಯನ್ನು ಹಿಡಿದಿಡುವ ಅವಕಾಶವಿದೆ. ಕಾರಣ, ನಡುವೆ ಒಂದು ಬ್ಯಾಂಕ್ ಇದೆ, ಆ ಬ್ಯಾಂಕಿಗೆ ಒಬ್ಬ ಅಧಿಕಾರಿ ಇದ್ದಾನೆ. ಸ್ವಂತ ವಾಲೆಟ್ಟಿನ ವಹಿವಾಟಿನಲ್ಲಿ ನಡುವೆ ಯಾರೂ ಇಲ್ಲ. ಕದ್ದ ಹಣ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಬ್ಲಾಕ್‌ಚೈನಿನ ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದು, ಹಾಸನದ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲಿ ಕೂತೂ ನೋಡಬಹುದು. ನೋಡಬಹುದು ಅಷ್ಟೇ, ಹಿಂದಕ್ಕೆ ಎಳೆಯುವ ಹಗ್ಗ ಇಲ್ಲ. ಕಳ್ಳ ಅದನ್ನು ಯಾವುದಾದರೂ ವಿನಿಮಯ ಕಂಪನಿಗೆ ತಂದು ನಗದು ಮಾಡಲು ಹೊರಟರೆ, ಹೆಚ್ಚಾಗಿ ಅಲ್ಲೇ ತಡೆಯುವ ಅವಕಾಶ. ಹೀಗಾಗಿ ಈ ಕಳವನ್ನು ನಿಲ್ಲಿಸಬೇಕಾದದ್ದು ಹಣ ಹೊರಡುವ ಮುಂಚೆ, ಅಂದರೆ ತಾಣದ ಹೆಸರಿನ ಹಂತದಲ್ಲಿ.

ಬಯಲು ಕಡತ

ಅದೃಷ್ಟಕ್ಕೆ ಆ ಹಂತದಲ್ಲಿ ಕಳ್ಳನೂ ಒಂದು ಸಾರ್ವಜನಿಕ ಪುಸ್ತಕದಲ್ಲಿ ತನ್ನ ತಾಣದ ಹೆಸರು ಬರೆಸಲೇಬೇಕು. ಈ ಪುಸ್ತಕ ಹುಟ್ಟಿದ್ದು ಬೇರೆಯೇ ಕಾರಣಕ್ಕೆ. ತಾಣಕ್ಕೆ ಬೀಗದ ಗುರುತು ಬರಬೇಕಾದರೆ ಪ್ರಮಾಣಪತ್ರ ಬೇಕು, ಅದನ್ನು ಕೊಡಲು ಮಾನ್ಯತೆ ಪಡೆದ ಸಂಸ್ಥೆಗಳಿವೆ. 2011ರಲ್ಲಿ ಡಚ್ ಸಂಸ್ಥೆ ಡಿಜಿನೋಟಾರ್‌ಗೆ ಕನ್ನ ಹಾಕಿದವರು ಗೂಗಲ್ ಹೆಸರಿನಲ್ಲೇ ಸುಳ್ಳು ಪ್ರಮಾಣಪತ್ರ ಮಾಡಿಸಿಕೊಂಡರು, ಸಂಸ್ಥೆ ದಿವಾಳಿಯಾಯಿತು. 2014ರ ಜುಲೈಯಲ್ಲಿ ನಮ್ಮದೇ ರಾಷ್ಟ್ರೀಯ ಮಾಹಿತಿ ಕೇಂದ್ರದಿಂದ ಗೂಗಲ್ ಹೆಸರಿನ ಅನಧಿಕೃತ ಪತ್ರಗಳು ಹೊರಬಿದ್ದದ್ದು ಪತ್ತೆಯಾಗಿ ದೊಡ್ಡ ಮುಜುಗರವಾಯಿತು. ಪತ್ರ ಕೊಡುವವರನ್ನು ಕಣ್ಣು ಮುಚ್ಚಿ ನಂಬುವ ಬದಲು, ಕೊಟ್ಟ ಪ್ರತಿಯೊಂದು ಪತ್ರವನ್ನೂ ಎಲ್ಲರೂ ಓದಬಹುದಾದ, ಒಮ್ಮೆ ಬರೆದದ್ದನ್ನು ಅಳಿಸಲಾಗದ ಕಡತದಲ್ಲಿ ದಾಖಲಿಸಬೇಕು ಎಂಬ ಯೋಜನೆ 2013ರಲ್ಲೇ ಸಿದ್ಧವಾಗಿತ್ತು. ಇದನ್ನು ಬಯಲು ಕಡತ ಎನ್ನೋಣ, ತಂತ್ರಜ್ಞರ ಮಾತಿನಲ್ಲಿ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ. 2018ರ ಏಪ್ರಿಲ್ 30ರ ನಂತರ ಕೊಟ್ಟ ಪತ್ರಗಳಲ್ಲಿ ಕಡತಕ್ಕೆ ಹತ್ತದವನ್ನು ಕ್ರೋಮ್ ಒಪ್ಪುವುದಿಲ್ಲ.

ಕಳ್ಳನ ಇಕ್ಕಟ್ಟು ಇಲ್ಲಿದೆ. ಪತ್ರ ಇಲ್ಲದಿದ್ದರೆ ಬ್ರೌಸರ್ ಪರದೆ ತುಂಬ ಎಚ್ಚರಿಕೆ ತೋರಿಸಿ ಗಿರಾಕಿಯನ್ನು ಓಡಿಸುತ್ತದೆ. ಪತ್ರ ಪಡೆದರೆ, ಅವನ ತಾಣದ ಹೆಸರು ಮೊದಲ ಗಿರಾಕಿ ಬರುವುದಕ್ಕೆ ಮುಂಚೆಯೇ ಬಯಲು ಕಡತಕ್ಕೆ ಹತ್ತಿರುತ್ತದೆ. ಕಡತಕ್ಕೆ ದಿನಕ್ಕೆ ಹತ್ತಾರು ಲಕ್ಷ ಹೆಸರು ಬಂದು ಬೀಳುತ್ತವೆ, ಮನುಷ್ಯ ಓದಲಾರ, ಯಂತ್ರ ಓದುತ್ತದೆ. ಅಸಲಿ ವಾಲೆಟ್ಟುಗಳ ಹೆಸರಿನಿಂದ ಹೊಸ ಹೆಸರು ಎಷ್ಟು ಅಕ್ಷರ ದೂರ ಎಂದು ಅದು ಎಣಿಸುತ್ತದೆ: ಒಂದಕ್ಷರ ಬದಲಾಯಿಸಿದರೆ ಸಿಗುತ್ತದೆಯೋ, ಎರಡೋ, ಅಥವಾ ಅಸಲಿ ಹೆಸರು ಹಾಗೇ ಇದ್ದು ಹಿಂದೆಮುಂದೆ ‘ಲಾಗಿನ್’, ‘ಕ್ಲೇಮ್’ ಎಂಬ ಬಾಲ ಅಂಟಿಸಿದೆಯೋ. ಈ ಜರಡಿಯಲ್ಲಿ ಉಳಿದವುಗಳ ಪುಟ ತೆರೆದು ನೋಡುತ್ತದೆ. ನಿನ್ನೆ ನೋಂದಾಯಿಸಿದ ತಾಣ, ಅದರಲ್ಲಿ ಬೇರೆಯವರ ಲೋಗೊ, ಹನ್ನೆರಡು ಖಾಲಿ ಚೌಕ. ಇಷ್ಟು ಒಟ್ಟಿಗೆ ಸಿಕ್ಕರೆ ಅನುಮಾನಕ್ಕೆ ಜಾಗವೇ ಇಲ್ಲ.

ಡ್ರೈನರ್‌ಗಳನ್ನು ಹಿಡಿಯುವುದು ಒಂದು ಲೆಕ್ಕದಲ್ಲಿ ಇನ್ನೂ ಸುಲಭ. ತಾಣ ನಡೆಸುವವರು ಆ ತಂತ್ರಾಂಶವನ್ನು ತಾವು ಬರೆಯುವುದಿಲ್ಲ, ಪಾಲಿನ ಮೇಲೆ ತರುತ್ತಾರೆ. ಇನ್‌ಫರ್ನೊ ಡ್ರೈನರ್ ಎಂಬುದನ್ನು ಬರೆದವರು ಲೂಟಿಯಲ್ಲಿ ಶೇ 20 ಪಾಲು ಇಟ್ಟುಕೊಳ್ಳುತ್ತಿದ್ದರು. 2022ರ ನವೆಂಬರಿನಿಂದ ಒಂದು ವರ್ಷ ನಡೆದ ಆ ದಂಧೆಗೆ 16,000ಕ್ಕೂ ಹೆಚ್ಚು ತಾಣಗಳಿದ್ದವು, ದೋಚಿದ್ದು 8 ಕೋಟಿ ಡಾಲರಿಗೂ ಮಿಕ್ಕಿ ಎಂದು ಗ್ರೂಪ್-ಐಬಿ ಸಂಸ್ಥೆ ಲೆಕ್ಕ ಕೊಟ್ಟಿದೆ. 16,000 ಹೆಸರುಗಳ ಹಿಂದೆ ಇದ್ದದ್ದು ಒಂದೇ ಕೈಬರಹ. ಅದರ ಗುರುತು ಸಿಕ್ಕರೆ ನಾಳೆ ಏಳುವ ತಾಣವೂ ಸಿಗುತ್ತದೆ. ಇದನ್ನು ಬಲ್ಲ ಕಳ್ಳರು ಮುಸುಕು ಹಾಕುತ್ತಾರೆ: ನಿಗಾ ಸಂಸ್ಥೆಯ ಕಂಪ್ಯೂಟರ್ ಬಂದರೆ ಅಡುಗೆ ರೆಸಿಪಿಯ ಪುಟ, ಜಾಹೀರಾತು ಒತ್ತಿ ಬಂದ ಮೊಬೈಲಿಗೆ ಮಾತ್ರ ಚೌಕಗಳ ಪುಟ. ಆಗ ನಿಗಾ ಇಡುವವರೂ ಸಾಮಾನ್ಯ ಗಿರಾಕಿಯ ವೇಷದಲ್ಲೇ ಹೋಗಬೇಕಾಗುತ್ತದೆ.

ಇಳಿಸುವುದು ಯಾರ ಕೆಲಸ?

ಪತ್ತೆಯಾದ ತಾಣವನ್ನು ಕಿತ್ತೊಗೆಯಲು ಒಂದೇ ಗುಂಡಿ ಇಲ್ಲ. ಹೆಸರು ಮಾರಿದವನು ಒಬ್ಬ, ಪುಟಕ್ಕೆ ಜಾಗ ಕೊಟ್ಟವನು ಇನ್ನೊಬ್ಬ, ಜಾಹೀರಾತು ಹಾಕಿದವನು ಮತ್ತೊಬ್ಬ. ಹೆಸರು ಮಾರಿದವನು ಅದನ್ನು ಅಮಾನತಿನಲ್ಲಿಟ್ಟರೆ ವಿಳಾಸ ಎಲ್ಲಿಗೂ ತಲುಪದಂತಾಗುತ್ತದೆ, ಇದೇ ಗಟ್ಟಿ ಪರಿಹಾರ. ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2024ರ ಏಪ್ರಿಲ್ 5ರಿಂದ ತನ್ನ ಒಪ್ಪಂದಗಳನ್ನು ಬದಲಾಯಿಸಿ, ಸರಿಯಾದ ಸಾಕ್ಷ್ಯ ಸಿಕ್ಕಾಗ ಮಾರಾಟಗಾರರು ಕ್ರಮ ಕೈಗೊಳ್ಳಲೇಬೇಕು ಎಂದು ಕಡ್ಡಾಯ ಮಾಡಿದೆ. ಆದರೂ ಪತ್ರ ವ್ಯವಹಾರಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಅಷ್ಟರಲ್ಲಿ ನೆರವಿಗೆ ಬರುವುದು ಬ್ರೌಸರ್ ಮತ್ತು ವಾಲೆಟ್‌ಗಳ ತಡೆಪಟ್ಟಿ. ತಾಣ ಇದ್ದಲ್ಲೇ ಇರುತ್ತದೆ, ಅಲ್ಲಿಗೆ ಹೊರಟವರನ್ನು ಕೆಂಪು ಪರದೆ ತಡೆಯುತ್ತದೆ. ಎರಡೂ ಬೇಕು: ಪಟ್ಟಿ ವೇಗಕ್ಕೆ, ಅಮಾನತು ಗಟ್ಟಿತನಕ್ಕೆ.

ಒಂದು ಇಳಿಸಿದರೆ ಹತ್ತು ಏಳುತ್ತವೆ, ಇದೆಲ್ಲ ವ್ಯರ್ಥ ಶ್ರಮ ಎಂಬ ಆಕ್ಷೇಪ ಸಾಮಾನ್ಯ. ಅದು ನಿಜವಾಗಬೇಕಾದರೆ ಪ್ರತಿ ತಾಣ ತಿಂಗಳುಗಟ್ಟಲೆ ದುಡಿಯಬೇಕು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಉದ್ಯಮದವರ ಜೊತೆ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗಾಳದ ತಾಣವೊಂದರ ಸರಾಸರಿ ಆಯಸ್ಸು, ಶುರುವಿನಿಂದ ಕೊನೆಯ ಗಿರಾಕಿಯವರೆಗೆ, ಕೇವಲ 21 ಗಂಟೆ. ಪತ್ತೆಯಾಗುತ್ತಿದ್ದುದು ಮೊದಲ ಗಿರಾಕಿ ಬಂದ ಸುಮಾರು 9 ಗಂಟೆಯ ನಂತರ. ಅಂದರೆ ಇಡೀ ಆಟ ಒಂದು ಹಗಲು, ಒಂದು ರಾತ್ರಿಯೊಳಗೆ ಮುಗಿಯುತ್ತದೆ. ಆ 9 ಗಂಟೆಯನ್ನು 1 ಗಂಟೆಗೆ ಇಳಿಸಿದರೆ, ಹತ್ತು ತಾಣ ಎದ್ದರೂ ಪ್ರತಿಯೊಂದರ ಗಳಿಕೆ ಕುಸಿಯುತ್ತದೆ. ಹೆಸರಿನ ಖರ್ಚು, ಜಾಹೀರಾತಿನ ಖರ್ಚು ಮಾತ್ರ ಅಷ್ಟೇ ಇರುತ್ತದೆ. ನಷ್ಟದ ವ್ಯಾಪಾರ ಯಾರೂ ಬಹಳ ದಿನ ಮಾಡುವುದಿಲ್ಲ.

ಬಯಲು ಕಡತವೂ ಸರ್ವಜ್ಞವಲ್ಲ. ಉಚಿತ ಪುಟ ಕೊಡುವ ದೊಡ್ಡ ಕಂಪನಿಗಳ ತಾಣದೊಳಗೆ ಒಂದು ‘ಊರು’ ಕಟ್ಟಿಕೊಂಡ ಕಳ್ಳನ ಹೆಸರು ಕಡತಕ್ಕೆ ಹತ್ತುವುದಿಲ್ಲ, ಇಡೀ ತಾಲೂಕಿಗೆ ಒಂದೇ ಪತ್ರ ಇರುತ್ತದೆ. ಅಲ್ಲಿ ಇಳಿಸುವ ಅಧಿಕಾರ ಒಂದೇ ಕಂಪನಿಯ ಕೈಯಲ್ಲಿರುವುದರಿಂದ ಕೆಲಸ ಬೇಗ ಆಗುತ್ತದೆ ಎಂಬುದಷ್ಟೇ ಸಮಾಧಾನ. ವಿಳಾಸ ಸರಿಯಾಗಿದ್ದರೂ ದಾರಿಯನ್ನೇ ತಿರುಗಿಸಿದ ಪ್ರಕರಣವೂ ಇದೆ. 2018ರ ಏಪ್ರಿಲ್ 24ರಂದು ಮೈಈಥರ್‌ವಾಲೆಟ್ ತಾಣಕ್ಕೆ ಹೊರಟವರನ್ನು ಕೆಲವು ಗಂಟೆ ಕಾಲ ಬೇರೆಡೆ ಕರೆದೊಯ್ದು ಸುಮಾರು ಒಂದೂವರೆ ಲಕ್ಷ ಡಾಲರ್ ಕದ್ದರು. ಆದರೆ ಅಂದು ಕಳ್ಳರ ಬಳಿ ಆ ಹೆಸರಿನ ಪ್ರಮಾಣಪತ್ರ ಇರಲಿಲ್ಲ, ಬ್ರೌಸರ್ ಎಚ್ಚರಿಕೆ ತೋರಿಸಿತ್ತು. ಹಣ ಕಳೆದುಕೊಂಡವರು ಅದನ್ನು ದಾಟಿ ಹೋದವರು.

ತೂಕದ ಆಕ್ಷೇಪ ಇನ್ನೊಂದಿದೆ. ತಾಣ ಇಳಿಸುವ ಅಧಿಕಾರ ಇಂದು ಕಳ್ಳನ ಮೇಲೆ, ನಾಳೆ ಟೀಕಾಕಾರನ ಮೇಲೆ ಬೀಳಬಹುದು. ಅಂತರ್ಜಾಲದ ವಿಷಯ ತೆಗೆಸಲು ಕೇಂದ್ರ ಸರ್ಕಾರ ಬಳಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು, ಚರ್ಚೆ ಅಲ್ಲಿಗೆ ತಣ್ಣಗಾಗಿಲ್ಲ. ಭಯ ನ್ಯಾಯವಾದದ್ದೇ. ಆದರೆ ಇಲ್ಲಿ ಬೇಕಾದ ಸಾಕ್ಷ್ಯಕ್ಕೆ ಅಭಿಪ್ರಾಯದ ಸೋಂಕಿಲ್ಲ: ಬೇರೆಯವರ ಲೋಗೊ, ಹೊಸ ಹೆಸರು, ಮೂಲಪದ ಕೇಳುವ ಚೌಕ ಅಥವಾ ಡ್ರೈನರಿನ ಕೈಬರಹ. ಇವು ಮೂರೂ ಯಾರು ಬೇಕಾದರೂ ಪರೀಕ್ಷಿಸಬಹುದಾದ ಸಂಗತಿಗಳು. ಇವಿಲ್ಲದೆ ತಾಣ ಇಳಿಸಬಾರದು, ಇಳಿಸಿದ್ದಕ್ಕೆ ಕಾರಣವನ್ನು ಬಹಿರಂಗವಾಗಿ ದಾಖಲಿಸಬೇಕು, ತಪ್ಪಾದರೆ ಕೇಳುವ ಕಿವಿ ಇರಬೇಕು. ಈ ಮೂರು ಷರತ್ತಿನ ಮೇಲೆ ವೇಗದ ಅಧಿಕಾರ ಕೊಡುವುದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ.

ಓದುಗರು ಮಾಡಬಹುದಾದ್ದು ಇಷ್ಟು. ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದ ಕೇಳುವ ಪುಟಕ್ಕೆ ಲಿಂಕ್, ಜಾಹೀರಾತು ಅಥವಾ ಹುಡುಕಾಟದಿಂದ ಬಂದಿದ್ದರೆ ಅಲ್ಲಿ ಒಂದಕ್ಷರವನ್ನೂ ತುಂಬಬೇಡಿ. ಪೂರ್ತಿ ವಿಳಾಸವನ್ನು ನಕಲು ಮಾಡಿ, ಪರದೆಯ ಚಿತ್ರ ತೆಗೆದು, ಗೂಗಲ್‌ನ ಸೇಫ್ ಬ್ರೌಸಿಂಗ್ ವರದಿ ಪುಟಕ್ಕೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೂ ಕಳಿಸಿ. ಪದಗಳನ್ನು ಈಗಾಗಲೇ ಕೊಟ್ಟಿದ್ದರೆ 1930ಕ್ಕೆ ಕರೆ ಮಾಡುವ ಮುಂಚೆಯೇ, ಉಳಿದ ಹಣವನ್ನು ಹೊಸ ಪದಗಳ ಹೊಸ ವಾಲೆಟ್‌ಗೆ ಸಾಗಿಸಿ. ಹಳೆಯ ವಾಲೆಟ್ಟಿನ ಪಾಸ್‌ವರ್ಡ್ ಬದಲಾಯಿಸಿ ಪ್ರಯೋಜನವಿಲ್ಲ.